ನನಗೆ ಹಿಡಿಸಿದ್ದನ್ನು ಯಜಮಾನರಿಗೆ ಹೇಳಲೇ?

ಪ್ರಶ್ನೆ: ನನಗೆ 36 ವರ್ಷ, ಮಂಡ್ಯದಲ್ಲಿದ್ದೇವೆ. ಯಜಮಾನರು ರಾತ್ರಿ ಮೊಬೈಲ್‌ನಲ್ಲಿ ನೀಲಿಚಿತ್ರ ಹಾಕುತ್ತಾರೆ. ನನಗೆ ಹೇಸಿಗೆಯಾಗಿ ಮೈ ಬಿಗಿಯುತ್ತದೆ. ಮೈಸೂರಿನ ಗೆಳತಿ ಹೇಳಿದಳೆಂದು, ಹೆಂಗಸರಿಗಾಗಿ ಹೆಂಗಸರೇ ತೆಗೆದ ಅಂಥ ಎರಡು ಸಿನಿಮಾ ಗುಟ್ಟಾಗಿ ನೋಡಿದೆ. ಹಿಡಿಸಿತು. ಈಗ ಅಳುಕು. ಅವರಿಗೆ ಹೇಳಲೇ? ಕೇಸ್ ಆಗುತ್ತದೆಯೇ?

ಉತ್ತರ: ಮೊದಲು ಕೇಸಿನ ಮಾತು. ವಯಸ್ಕರ ಸಿನಿಮಾವನ್ನು ವಯಸ್ಕರು ಖಾಸಗಿಯಾಗಿ ನೋಡುವುದೇ ಅಪರಾಧವಲ್ಲ. ಗೆಳತಿಗೆ ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿದರೆ ಮಾತ್ರ ಐಟಿ ಕಾಯ್ದೆಯ 67ಎ ಕಲಂ ಬರುತ್ತದೆ: ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ಮಕ್ಕಳನ್ನು ಬಳಸಿದ ದೃಶ್ಯವಾದರೆ ಹುಡುಕಿ ನೋಡುವುದೂ ಅಪರಾಧ.

ಇನ್ನು ಅಳುಕು. ನಿಮಗೆ ಹಿಡಿಸಿದ್ದು ವಿಚಿತ್ರವೇನಲ್ಲ. ನ್ಯೂಯಾರ್ಕಿನಲ್ಲಿ ಕ್ಯಾಂಡಿಡಾ ರಾಯಲ್ 1984ರಲ್ಲಿ ಫೆಮ್ ಪ್ರೊಡಕ್ಷನ್ಸ್ ಎಂಬ ಚಿತ್ರಸಂಸ್ಥೆ ಕಟ್ಟಿದ್ದೇ ಈ ಕಾರಣಕ್ಕೆ. ಆಕೆ ಮೊದಲು ಮಾಮೂಲಿ ನೀಲಿಚಿತ್ರಗಳಲ್ಲಿ ನಟಿಸಿದ್ದವರು. ಎಲ್ಲವೂ ಗಂಡಸಿನ ಕಣ್ಣಿಗೆ ತಕ್ಕಂತೆ, ಅವನ ಕೆಲಸ ಮುಗಿದೊಡನೆ ಸೀನೂ ಮುಗಿಯುವಂತೆ ಇರುವುದನ್ನು ಕಂಡು, ಹೆಣ್ಣಿನ ಸುಖವನ್ನು ಮುಂದಿಟ್ಟು ತೆಗೆದರು. ಬಾರ್ಸಿಲೋನಾದಲ್ಲಿ ಎರಿಕಾ ಲಸ್ಟ್ 2004ರಿಂದ ಇದೇ ದಾರಿ ಹಿಡಿದಿದ್ದಾರೆ. ಇಂಥ ಚಿತ್ರದಲ್ಲಿ ಮುಟ್ಟುವುದಕ್ಕೆ ಮುಂಚೆ ಮಾತು, ನೋಟ, ನಗು ಇರುತ್ತವೆ. ಕ್ಯಾಮೆರಾ ಅವಳ ಮುಖದ ಮೇಲೂ ನಿಲ್ಲುತ್ತದೆ. ಹಾಗಂತ ಹೆಂಗಸು ತೆಗೆದದ್ದೆಲ್ಲ ಚೆನ್ನಾಗಿರುತ್ತದೆ ಎಂದೇನಿಲ್ಲ. ಆಕಳಿಕೆ ಬರಿಸುವಂಥವೂ ಇವೆ.

ಮೈ ಬಿಗಿಯುವುದಕ್ಕೂ ಕಾರಣವಿದೆ. ಅನೇಕ ಹೆಂಗಸರಿಗೆ ಆಸೆ ಮೊದಲೇ ಬಂದು ಕೂತಿರುವುದಿಲ್ಲ. ಸಲಿಗೆ, ಸ್ಪರ್ಶ ಶುರುವಾದ ಮೇಲೆ ಮೂಡುತ್ತದೆ. ಕೆನಡಾದ ವೈದ್ಯೆ ರೋಸ್‌ಮರಿ ಬ್ಯಾಸನ್ 2000ದಲ್ಲಿ ಇದನ್ನು ವಿವರಿಸಿ ಬರೆದರು. ನೇರ ಕೊನೆಯ ಘಟ್ಟಕ್ಕೇ ಹಾರುವ ವಿಡಿಯೊ ಈ ಸಮಯವನ್ನೇ ಕಿತ್ತುಕೊಳ್ಳುತ್ತದೆ. ಒದ್ದೆಯಾಗದೆ ನೋವಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ, ನೀರು ಆಧಾರಿತ ಜೆಲ್ ಬಳಸಿ. ಕಾಂಡೋಮ್ ಹಾಕುವವರು ಕೊಬ್ಬರಿ ಎಣ್ಣೆ ಹಚ್ಚಲೇಬೇಡಿ, ರಬ್ಬರ್ ಹಾಳಾಗಿ ಹರಿಯುತ್ತದೆ. ಆದರೂ ನೋವು ಹೋಗದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ತೋರಿಸಿ.

ಹೇಳುವುದಾದರೆ ಸಿನಿಮಾದಿಂದ ಶುರು ಮಾಡಬೇಡಿ. ‘ನಾನೂ ನೋಡಿದೆ’ ಎಂದೊಡನೆ ಮಾತು ‘ಯಾವಾಗ, ಯಾರು ಹೇಳಿಕೊಟ್ಟರು’ ಅಂತ ಜಾರುತ್ತದೆ, ಗೆಳತಿಯ ಹೆಸರೂ ಎಳೆದಾಟಕ್ಕೆ ಸಿಗುತ್ತದೆ. ಹಾಸಿಗೆಯಲ್ಲೂ ಬೇಡ. ಭಾನುವಾರ ಸಂಜೆ ಇಬ್ಬರೇ ಹೊರಗೆ ಹೋದಾಗ, ‘ರೀ, ಆ ವಿಡಿಯೊ ಹಾಕಿದ್ರೆ ನಂಗೆ ಮನಸ್ಸೇ ಮುದುಡಿಹೋಗುತ್ತೆ. ಇವತ್ತು ಫೋನ್ ಪಕ್ಕಕ್ಕಿಟ್ಟು ನಿಧಾನಕ್ಕೆ ಶುರು ಮಾಡೋಣ’ ಅನ್ನಿ. ಒಂದೆರಡು ವಾರ ಹಾಗೇ ನಡೆಯಲಿ. ಅವರು ಕಿವಿಗೊಟ್ಟರೆ ಆಮೇಲೆ ಸಿನಿಮಾದ ಸುದ್ದಿ ಎತ್ತಿ. ಜೊತೆಗೆ ನೋಡುವಾಗ ಯಾರು ‘ಸಾಕು’ ಅಂದರೂ ಅಲ್ಲಿಗೇ ನಿಲ್ಲಿಸುವುದೆಂದು ಮೊದಲೇ ಮಾತಾಗಿರಲಿ. ‘ನೋಡಿ, ಅವನು ಹೇಗಿದಾನೆ’ ಎನ್ನುವ ಹೋಲಿಕೆ ಮಾತ್ರ ಬಾಯಿಂದ ಬರಬಾರದು.

ಗುಟ್ಟು ಒಡೆಯುವುದು ಸಣ್ಣ ವಿಷಯಗಳಿಂದ. ಬ್ರೌಸರ್‌ನ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿಯಲ್ಲಿ ನೋಡಿದರೆ ಹಿಸ್ಟರಿ ಉಳಿಯುವುದಿಲ್ಲ, ಆದರೆ ಡೌನ್‌ಲೋಡ್ ಮಾಡಿದ್ದು ಫೋನಿನಲ್ಲೇ ಇರುತ್ತದೆ. ಹಾಲ್‌ನ ಬ್ಲೂಟೂತ್ ಸ್ಪೀಕರ್‌ಗೆ ಫೋನ್ ಜೋಡಿಸಿದ್ದರೆ ಸದ್ದು ಅತ್ತೆಯವರ ಮುಂದೆ ಬಂದೀತು, ಮೊದಲು ಆಫ್ ಮಾಡಿ. ದುಡ್ಡು ಕೊಟ್ಟು ನೋಡುವ ಜಾಲತಾಣವೇ ಮೇಲು. ಕದ್ದು ಹಾಕಿದ ಫ್ರೀ ವಿಡಿಯೊದಲ್ಲಿ ಇರುವವರು ಒಪ್ಪಿದ್ದರೋ ಇಲ್ಲವೋ ತಿಳಿಯದು. ಆದರೆ ಜಂಟಿ ಖಾತೆಯ ಕಾರ್ಡಾದರೆ ಎಸ್ಸೆಮ್ಮೆಸ್ ಅವರಿಗೂ ಹೋಗಬಹುದು. ತಿಂಗಳ ಚಂದಾ ತಾನಾಗಿ ಕಡಿತವಾಗದಂತೆ ಆಟೊ ರಿನ್ಯೂವಲ್ ನಿಲ್ಲಿಸಿ.

ಬೇಡವೆಂದರೂ ಅವರು ಬಲವಂತ ಮಾಡುತ್ತಿದ್ದರೆ ಅದು ಸಿನಿಮಾದ ಪ್ರಶ್ನೆಯೇ ಅಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಮನಸ್ಸಿಗೆ ತೀರಾ ಭಾರವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.