ಆರ್ಗ್ಯಾನಿಕ್ ಕೆಮಿಸ್ಟ್ರಿ ಉರು ಹೊಡೆಯುವ ವಿಷಯವಲ್ಲ

ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ 22 ವರ್ಷಗಳಿಂದ ಆರ್ಗ್ಯಾನಿಕ್ ಕೆಮಿಸ್ಟ್ರಿ ಕಲಿಸುತ್ತಿದ್ದೇನೆ. ಪ್ರತಿ ವರ್ಷವೂ ಮಿಡ್‌ಟರ್ಮ್ ಫಲಿತಾಂಶ ಬಂದ ವಾರದಲ್ಲಿ ಇಲ್ಲಿನ ಕನ್ನಡ ಕುಟುಂಬಗಳಿಂದ ಅವೇ ಐದಾರು ಪ್ರಶ್ನೆಗಳು ಬರುತ್ತವೆ. ಅವುಗಳಲ್ಲಿ ಒಂದಕ್ಕೆ ವಿಸ್ತಾರವಾಗಿ ಉತ್ತರಿಸಲೇಬೇಕಾಗಿದೆ, ಏಕೆಂದರೆ ಬುದ್ಧಿವಂತ ಮಕ್ಕಳು ತಪ್ಪು ರೀತಿಯ ಶ್ರಮಪಟ್ಟು ಸೋಲುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪ್ರಶ್ನೆ: ಮೇಡಂ, ನನ್ನ ಮಗಳು ಪ್ರೀ-ಮೆಡ್ (ಮೆಡಿಕಲ್ ಕಾಲೇಜಿಗೆ ಸೇರುವ ಮುಂಚಿನ ಓದು) ಎರಡನೇ ವರ್ಷದಲ್ಲಿದ್ದಾಳೆ. ಎರಡನೇ ಸೆಮಿಸ್ಟರಿನ ಆರ್ಗ್ಯಾನಿಕ್ ಮಿಡ್‌ಟರ್ಮ್‌ನಲ್ಲಿ 100ಕ್ಕೆ 47 ಬಂದಿದೆ. ರಾತ್ರಿ ಎರಡು ಗಂಟೆಯವರೆಗೂ ಓದುತ್ತಾಳೆ, 300 ಫ್ಲ್ಯಾಶ್‌ಕಾರ್ಡ್ ಬರೆದುಕೊಂಡಿದ್ದಾಳೆ. ಇನ್ನೂ ಹೆಚ್ಚು ಓದಬೇಕೆ ಅಥವಾ ಕೋರ್ಸನ್ನೇ ಬಿಡಬೇಕೆ? (ತಾಯಿ, ನ್ಯೂಜೆರ್ಸಿ)

ಉತ್ತರ: 47 ಎಂಬ ಅಂಕಿಯನ್ನು ನೋಡಿ ಗಾಬರಿಯಾಗುವ ಮೊದಲು ತರಗತಿಯ ಸರಾಸರಿ ಎಷ್ಟಿತ್ತೆಂದು ಮಗಳನ್ನು ಕೇಳಿ. ನನ್ನ ತರಗತಿಯಲ್ಲೇ ಸರಾಸರಿ 55ಕ್ಕೆ ಇಳಿದ ಸೆಮಿಸ್ಟರ್‌ಗಳಿವೆ. ಸರಾಸರಿ 52 ಇದ್ದಾಗ ಬಂದ 47ಕ್ಕೂ ಸರಾಸರಿ 78 ಇದ್ದಾಗ ಬಂದ 47ಕ್ಕೂ ಬಹಳ ವ್ಯತ್ಯಾಸವಿದೆ.

ನಿಮ್ಮ ಪತ್ರದಲ್ಲಿ ನನ್ನನ್ನು ಚಿಂತೆಗೀಡುಮಾಡಿದ್ದು ಆ ಅಂಕವಲ್ಲ, ಆ 300 ಕಾರ್ಡುಗಳು. ಒಮ್ಮೆ ಇದೇ ರೀತಿ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ಹಿಡಿದು ಹುಡುಗಿಯೊಬ್ಬಳು ನನ್ನ ಕೋಣೆಗೆ ಬಂದಿದ್ದಳು. ಕಟ್ಟನ್ನು ಪಕ್ಕಕ್ಕಿಡಲು ಹೇಳಿ, ಬೋರ್ಡಿನ ಮೇಲೆ ಒಂದು ಎಸ್ಟರ್ (ಆಮ್ಲ ಮತ್ತು ಆಲ್ಕೋಹಾಲ್ ಸೇರಿ ಆಗುವ ಸಂಯುಕ್ತ) ಬರೆದು, ಅದಕ್ಕೆ ಗ್ರಿನ್ಯಾರ್ ರಿಯೇಜೆಂಟ್ (ಕಾರ್ಬನ್-ಮೆಗ್ನೀಸಿಯಂ ಬಂಧವಿರುವ ಸಂಯುಕ್ತ) ಬೇಕಾದಷ್ಟು ಸೇರಿಸಿದರೆ ಏನು ಸಿಗುತ್ತದೆ ಎಂದು ಕೇಳಿದೆ. ಕೂಡಲೇ ‘ಕೀಟೋನ್’ ಎಂದಳು. ಏಕೆ ಎಂದು ಕೇಳಿದ್ದಕ್ಕೆ ಅವಳ ಬಳಿ ಉತ್ತರವಿರಲಿಲ್ಲ, ಏಕೆಂದರೆ ‘ಏಕೆ’ ಎಂಬುದು ಯಾವ ಕಾರ್ಡಿನಲ್ಲೂ ಇರಲಿಲ್ಲ.

ಅಲ್ಲಿ ನಡೆಯುವುದು ಇಷ್ಟು. ಎಸ್ಟರಿನಲ್ಲಿರುವ ಕಾರ್ಬೊನಿಲ್‌ನ (ಕಾರ್ಬನ್ ಮತ್ತು ಆಮ್ಲಜನಕದ ಜೋಡಿಬಂಧದ ಗುಂಪು) ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವುದರಿಂದ ಪಕ್ಕದ ಕಾರ್ಬನ್ ಎಲೆಕ್ಟ್ರಾನ್‌ಗಾಗಿ ಹಸಿದಿರುತ್ತದೆ. ಗ್ರಿನ್ಯಾರ್‌ನ ಕಾರ್ಬನ್ ತನ್ನ ಎಲೆಕ್ಟ್ರಾನ್ ಜೋಡಿಯೊಂದಿಗೆ ಬಂದು ಅಲ್ಲಿ ಕೂಡುತ್ತದೆ. ಕಾರ್ಬನ್‌ಗೆ ಐದು ಬಂಧ ಸಾಧ್ಯವಿಲ್ಲವಾದ್ದರಿಂದ ಜೋಡಿಬಂಧದ ಒಂದು ಜೊತೆ ಆಮ್ಲಜನಕದ ಮೇಲಕ್ಕೆ ಹೋಗುತ್ತದೆ. ಮತ್ತೆ ಅದೇ ಜೊತೆ ಕೆಳಗಿಳಿದಾಗ ಎಸ್ಟರಿನ ಆಲ್ಕಾಕ್ಸೈಡ್ ಭಾಗ ಕಳಚಿಕೊಂಡು ಕೀಟೋನ್ (ಕಾರ್ಬೊನಿಲ್ ಗುಂಪಿನ ಎರಡೂ ಬದಿಯಲ್ಲಿ ಕಾರ್ಬನ್ ಇರುವ ಸಂಯುಕ್ತ) ಉಂಟಾಗುತ್ತದೆ. ಅವಳ ಕಾರ್ಡು ಇಲ್ಲಿಗೇ ನಿಂತಿತ್ತು. ಆದರೆ ಕೀಟೋನ್ ಎಸ್ಟರಿಗಿಂತ ಚುರುಕು, ಗ್ರಿನ್ಯಾರ್ ಇನ್ನೂ ಉಳಿದಿದೆ, ಹಾಗಾಗಿ ಎರಡನೆಯ ಸಲವೂ ಅದೇ ದಾಳಿ ನಡೆಯುತ್ತದೆ. ಈ ಸಲ ಕಳಚಿಕೊಳ್ಳಬಲ್ಲ ಗುಂಪು ಇಲ್ಲದ ಕಾರಣ ಕ್ರಿಯೆ ಅಲ್ಲಿಗೆ ನಿಲ್ಲುತ್ತದೆ, ಕೊನೆಯಲ್ಲಿ ಆಮ್ಲ ಹಾಕಿದಾಗ ಟರ್ಷಿಯರಿ ಆಲ್ಕೋಹಾಲ್ (ಒಎಚ್ ಗುಂಪಿರುವ ಕಾರ್ಬನ್‌ಗೆ ಇನ್ನೂ ಮೂರು ಕಾರ್ಬನ್ ಅಂಟಿರುವ ಆಲ್ಕೋಹಾಲ್) ಸಿಗುತ್ತದೆ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತೋರಿಸುವ ಬಾಣಗಳನ್ನು ತಾನೇ ಎಳೆದು ಇದನ್ನು ಮಾಡಿದ ಆ ಹುಡುಗಿ, ತನ್ನ ಕಟ್ಟಿನಲ್ಲಿದ್ದ ನಲವತ್ತಕ್ಕೂ ಹೆಚ್ಚು ಕಾರ್ಡುಗಳು ಇದೇ ಒಂದು ಕಥೆಯ ಬೇರೆ ಬೇರೆ ರೂಪಗಳೆಂದು ಅರ್ಧ ಗಂಟೆಯಲ್ಲಿ ಕಂಡುಕೊಂಡಳು.

ವೈದ್ಯಳಾಗಬೇಕೆಂದಿರುವ ನಿಮ್ಮ ಮಗಳಿಗೆ ಇದನ್ನೂ ತಿಳಿಸಿ. ಆಸ್ಪಿರಿನ್ ಕೆಲಸ ಮಾಡುವುದು ಇದೇ ಕಥೆಯಿಂದ: ಸೈಕ್ಲೊಆಕ್ಸಿಜನೇಸ್ ಕಿಣ್ವದ ಒಂದು ಸೆರೀನ್ (ಒಂದು ಅಮೈನೋ ಆಮ್ಲ), ಆಸ್ಪಿರಿನ್ನಿನ ಅಸಿಟೈಲ್ ಗುಂಪಿನ ಕಾರ್ಬೊನಿಲ್ ಮೇಲೆ ದಾಳಿ ಮಾಡಿ ಆ ಗುಂಪನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಕಿಣ್ವ ಶಾಶ್ವತವಾಗಿ ನಿಷ್ಕ್ರಿಯವಾಗುತ್ತದೆ. ರಕ್ತದ ಪ್ಲೇಟ್‌ಲೆಟ್‌ಗೆ ನ್ಯೂಕ್ಲಿಯಸ್ ಇಲ್ಲದ್ದರಿಂದ ಅದು ಹೊಸ ಕಿಣ್ವ ತಯಾರಿಸಿಕೊಳ್ಳಲಾರದು, ಆದ್ದರಿಂದಲೇ ಆಸ್ಪಿರಿನ್ನಿನ ಪರಿಣಾಮ ಆ ಪ್ಲೇಟ್‌ಲೆಟ್ ಬದುಕಿರುವ 7ರಿಂದ 10 ದಿನವೂ ಉಳಿಯುತ್ತದೆ. ಪೆನಿಸಿಲಿನ್ನಿನ ನಾಲ್ಕು ಪರಮಾಣುಗಳ ಬಿಗಿದ ಉಂಗುರವನ್ನು ಬ್ಯಾಕ್ಟೀರಿಯಾದ ಕಿಣ್ವ ಬಿಚ್ಚಿ ತಾನೇ ಸಿಕ್ಕಿಕೊಳ್ಳುವುದೂ ಕಾರ್ಬೊನಿಲ್ ಮೇಲಿನ ದಾಳಿಯೇ.

ಇನ್ನು ಅಭ್ಯಾಸದ ಮಾತು. ಉತ್ತರಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ‘ಹೌದು, ಗೊತ್ತಾಯಿತು’ ಎಂದು ತಲೆಯಾಡಿಸುತ್ತ ಹೋಗುವುದು ಓದಲ್ಲ; ನನ್ನ ತರಗತಿಯಲ್ಲಿ ಸೋತ ಮಕ್ಕಳಲ್ಲಿ ಹೆಚ್ಚಿನವರು ಸೋತದ್ದು ಇದರಿಂದಲೇ. ಖಾಲಿ ಹಾಳೆ, ಪೆನ್ಸಿಲ್, ಒಂದು ಲೆಕ್ಕ, ಕನಿಷ್ಠ ಹದಿನೈದು ನಿಮಿಷದ ಒದ್ದಾಟ, ಆಮೇಲೆ ಉತ್ತರ. ತಪ್ಪಾದ ಲೆಕ್ಕವನ್ನು ಎರಡು ದಿನ ಬಿಟ್ಟು ಮತ್ತೆ ಖಾಲಿ ಹಾಳೆಯ ಮೇಲೆ ಮಾಡಬೇಕು. ಬಾಣ ಸದಾ ಎಲೆಕ್ಟ್ರಾನ್ ಇರುವ ಕಡೆಯಿಂದ ಹೊರಡಬೇಕು. ಎಲೆಕ್ಟ್ರಾನೇ ಇಲ್ಲದ ಪ್ರೋಟಾನ್‌ನಿಂದ ಬಾಣ ಹೊರಡಿಸಿದ ಉತ್ತರಪತ್ರಿಕೆಗಳನ್ನು ತಿದ್ದಿ ನನಗೆ ಸಾಕಾಗಿದೆ. ರಾತ್ರಿ ಎರಡರವರೆಗಿನ ಓದು ಇಂದೇ ನಿಲ್ಲಲಿ. ವಾರಕ್ಕೊಮ್ಮೆ ಪ್ರಾಧ್ಯಾಪಕರ ಆಫೀಸ್ ಅವರ್‌ಗೆ (ವಿದ್ಯಾರ್ಥಿಗಳ ಭೇಟಿಗೆಂದು ಇಟ್ಟ ಸಮಯ) ತಾನು ತಪ್ಪು ಮಾಡಿದ ಹಾಳೆಯನ್ನೇ ಹಿಡಿದುಕೊಂಡು ಹೋಗಲಿ. ನಮ್ಮ ಮಕ್ಕಳು ಸಂಕೋಚದಿಂದ ಅಲ್ಲಿಗೆ ಹೋಗುವುದೇ ಇಲ್ಲ, ಹೋದರೂ ಅಂಕ ಕೇಳುವುದಕ್ಕೆ ಹೋಗುತ್ತಾರೆ.

ಕೋರ್ಸ್ ಬಿಡುವ ವಿಷಯದಲ್ಲಿ ನಾನು ಎಚ್ಚರಿಕೆಯ ಪಕ್ಷದವಳು. ಮುಂದಿನ ಪರೀಕ್ಷೆಯವರೆಗೆ ಈ ರೀತಿ ಅಭ್ಯಾಸ ಮಾಡಿಯೂ ಅಂಕ ಮೇಲೇಳದಿದ್ದರೆ, ವಿತ್‌ಡ್ರಾ ಮಾಡುವ ಕೊನೆಯ ದಿನಾಂಕದೊಳಗೆ ಸಲಹೆಗಾರರೊಂದಿಗೆ ಕೂತು ತೀರ್ಮಾನಿಸಲಿ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಒಂದು ‘ಡಬ್ಲ್ಯು’ (ವಿತ್‌ಡ್ರಾ ಮಾಡಿದ ಗುರುತು) ಇದ್ದರೆ ಅದು ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕಕ್ಕೆ ಬರುವುದಿಲ್ಲ. ಆದರೆ ಫೇಲಾಗಿ ಮತ್ತೆ ಓದಿದರೆ, ಮೆಡಿಕಲ್ ಕಾಲೇಜುಗಳ ಅರ್ಜಿ ವ್ಯವಸ್ಥೆಯಾದ ಆಮ್ಕಾಸ್ ಹಳೆಯ ಗ್ರೇಡನ್ನೂ ಹೊಸದನ್ನೂ ಎರಡನ್ನೂ ಎಣಿಸುತ್ತದೆ. ಹೊಸ ಗ್ರೇಡು ಹಳೆಯದನ್ನು ಅಳಿಸುತ್ತದೆ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ವೈದ್ಯರನ್ನು ತಯಾರಿಸುವ ಇನ್ನೊಂದು ಬಗೆಯ ಕಾಲೇಜುಗಳಾದ ಆಸ್ಟಿಯೋಪತಿ ಕಾಲೇಜುಗಳ ಅರ್ಜಿಯಲ್ಲಿದ್ದ ಅಂಥ ರಿಯಾಯಿತಿಯೂ 2017ರಲ್ಲಿ ಮುಗಿದಿದೆ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಸಮ್ಮರ್ ಕೋರ್ಸ್ ಆಗಿ ಮುಗಿಸಿಬಿಟ್ಟರೆ ಸುಲಭವಲ್ಲವೇ?

ಉತ್ತರ: ಹದಿನೈದು ವಾರದಲ್ಲಿ ಅರಗದ ವಿಷಯ ಐದಾರು ವಾರದಲ್ಲಿ ಅರಗುವುದಿಲ್ಲ.

ಪ್ರಶ್ನೆ: ‘ಎಂಕ್ಯಾಟ್‌ನಲ್ಲಿ (ಮೆಡಿಕಲ್ ಕಾಲೇಜಿನ ಪ್ರವೇಶ ಪರೀಕ್ಷೆ) ಆರ್ಗ್ಯಾನಿಕ್ ಹೆಚ್ಚೇನೂ ಬರುವುದಿಲ್ಲ, ಪಾಸಾದರೆ ಸಾಕು’ ಎಂದು ಮಗನ ಸೀನಿಯರ್‌ಗಳು ಹೇಳುತ್ತಾರೆ. ನಿಜವೇ?

ಉತ್ತರ: ಮೊದಲರ್ಧ ಹೆಚ್ಚುಕಡಿಮೆ ನಿಜ, ಎರಡನೆಯದು ಶುದ್ಧ ತಪ್ಪು. ರಸಾಯನ-ಭೌತ ವಿಭಾಗದಲ್ಲಿ ಆರ್ಗ್ಯಾನಿಕ್‌ನ ಪಾಲು ಸುಮಾರು 15 ಶೇಕಡಾ, ಜೀವವಿಜ್ಞಾನ ವಿಭಾಗದಲ್ಲಿ ಸುಮಾರು 5. ಆದರೆ ಎರಡೂ ಕಡೆ ಸುಮಾರು 25 ಶೇಕಡಾ ಇರುವ ಬಯೋಕೆಮಿಸ್ಟ್ರಿ ನಿಂತಿರುವುದು ಇದರ ಮೇಲೆಯೇ, ಮತ್ತು ಈ ಕೋರ್ಸಿನ ಗ್ರೇಡು ನೇರವಾಗಿ ವಿಜ್ಞಾನದ ಜಿಪಿಎಗೆ ಸೇರುತ್ತದೆ.

ಪ್ರಶ್ನೆ: ‘ನೂರು ರಿಯಾಕ್ಷನ್, ಎ ಗ್ರೇಡ್ ಗ್ಯಾರಂಟಿ’ ಎನ್ನುವ ಆನ್‌ಲೈನ್ ಕೋರ್ಸಿಗೆ ಸೇರಿಸಬಹುದೇ?

ಉತ್ತರ: ಗ್ಯಾರಂಟಿ ಕೊಡುವವನ ಹತ್ತಿರ ಹೋಗಬೇಡಿ. ಆ ದುಡ್ಡಿನಲ್ಲಿ ಒಂದು ಮಾಲಿಕ್ಯುಲರ್ ಮಾಡೆಲ್ ಕಿಟ್ ಕೊಡಿಸಿ. ಕೈಯಲ್ಲಿ ಹಿಡಿದು ತಿರುಗಿಸದೆ ಕೈರಾಲಿಟಿ (ಎಡಗೈ-ಬಲಗೈಗಳಂತೆ ಅಣು ತನ್ನ ಕನ್ನಡಿಬಿಂಬಕ್ಕೆ ಹೊಂದದ ಗುಣ) ಅರ್ಥವಾದ ವಿದ್ಯಾರ್ಥಿಗಳನ್ನು ನಾನು ಕಂಡಿರುವುದು ಬಹಳ ಕಡಿಮೆ.

ಪ್ರಶ್ನೆ: ಮಗನ ರೂಮ್‌ಮೇಟ್ ಪರೀಕ್ಷೆಯ ಹಿಂದಿನ ದಿನ ಅಡರಾಲ್ ಮಾತ್ರೆ ಕೊಡುತ್ತಾನಂತೆ. ಊರಿನಿಂದ ನಮ್ಮ ಅತ್ತೆಯವರು ಜ್ಞಾಪಕಶಕ್ತಿಯ ಲೇಹ್ಯ ಕಳಿಸುತ್ತೇನೆ ಎನ್ನುತ್ತಾರೆ. ಯಾವುದು ಒಳ್ಳೆಯದು?

ಉತ್ತರ: ಎರಡೂ ಬೇಡ. ಇದು ಜ್ಞಾಪಕಶಕ್ತಿಯ ಕೊರತೆಯೇ ಅಲ್ಲ ಎಂದು ಮೇಲೆ ಇಷ್ಟು ಉದ್ದಕ್ಕೆ ಬರೆದಿದ್ದೇನೆ. ಲೇಹ್ಯದ ಡಬ್ಬಿಯ ಮೇಲಿನ ಮಾತುಗಳಿಗೆ ನಾನು ಕಲಿಸುವ ವಿಷಯದಲ್ಲಿ ಯಾವ ಆಧಾರವೂ ಇಲ್ಲ. ಅಡರಾಲ್ ಅದಕ್ಕಿಂತ ಗಂಭೀರ: ಅದು ಆಂಫೆಟಮಿನ್, ಅಮೆರಿಕದ ಕಾನೂನಿನಲ್ಲಿ ಎರಡನೇ ಷೆಡ್ಯೂಲಿನ ನಿಯಂತ್ರಿತ ಔಷಧ. ಇನ್ನೊಬ್ಬರ ಹೆಸರಿಗೆ ಬರೆದ ಮಾತ್ರೆಯನ್ನು ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಹೃದಯಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ನಿದ್ದೆ ಕೆಡುತ್ತದೆ. ಮುಂದೆ ವೈದ್ಯಕೀಯ ಲೈಸೆನ್ಸಿಗೆ ಅರ್ಜಿ ಹಾಕಬೇಕಾದ ಹುಡುಗ ಹಾಸ್ಟೆಲ್ ಕೋಣೆಯಲ್ಲಿ ಇಂಥ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು. ಅವನಿಗೆ ನಿಜವಾಗಿಯೂ ಗಮನ ನಿಲ್ಲುವುದಿಲ್ಲ ಎನ್ನಿಸಿದರೆ ವಿಶ್ವವಿದ್ಯಾಲಯದ ಹೆಲ್ತ್ ಸೆಂಟರಿಗೆ ಹೋಗಿ ಪರೀಕ್ಷಿಸಿಕೊಳ್ಳಲಿ. ಎಡಿಎಚ್‌ಡಿ (ಗಮನದ ಕೊರತೆಯ ತೊಂದರೆ) ಇದೆಯೆಂದು ಗೊತ್ತಾದರೆ ಚಿಕಿತ್ಸೆಯೂ ಇದೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಿ ಪಡೆಯುವ ಅವಕಾಶವೂ ಇದೆ. ಈ ವಾರವೇ ಅವನಿಗೆ ಫೋನ್ ಮಾಡಿ. ಅಂಕದ ವಿಚಾರವನ್ನು ಎತ್ತದೆ, ಮೊದಲು ಆ ಮಾತ್ರೆಯ ಬಗ್ಗೆ ಕೇಳಿ.