ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಯಾರ ರಕ್ತವಿತ್ತು?

(ಹೆಸರು, ಊರು ಮತ್ತು ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.)

ಗಂಗಾ ಮತ್ತು ಬಸು ಗಂಡಹೆಂಡತಿ, ಉತ್ತರ ಕರ್ನಾಟಕದ ಒಂದು ಹಳ್ಳಿಯವರು. ಬಸು ಗಂಗಾಳ ಸೋದರಮಾವ, ತಾಯಿಯ ಖಾಸಾ ತಮ್ಮ. ಹಾಗಾಗಿ ಗಂಗಾಳ ಅತ್ತೆ ಅವಳಿಗೆ ಸ್ವಂತ ಅಜ್ಜಿ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಪ್ರಕರಣದ ಗಂಟು ಇರುವುದೇ ಇಲ್ಲಿ.

ಅವರು ಆಸ್ಪತ್ರೆಯ ನನ್ನ ಆಪ್ತಸಲಹೆ ಕೋಣೆಗೆ ಬಂದಾಗ ಮಗನಿಗೆ ಎಂಟು ತಿಂಗಳು. ಅಜ್ಜಿ ಒಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿದರು: ಬಿಲ್ಲುಗಳು, ಎಕ್ಸ್‌ರೇ, ಕಬ್ಬಿಣದ ಡ್ರಾಪ್ಸಿನ ಖಾಲಿ ಡಬ್ಬಿ, ನಾಲ್ಕು ರಿಪೋರ್ಟು. "ಎಲ್ಲಾ ನಾರ್ಮಲ್ ಅಂತ ಬರದಾರ್ರಿ ಅಕ್ಕಾರ. ಆದ್ರೂ ಕೂಸಿನ ಮಾರಿ ಮತ್ತ ಬೆಳ್ಳಗ ಆಗಾಕತ್ತೈತಿ. ಈಕಿ ಬಸುರಿದ್ದಾಗ ಬರೇ ಚಾ ಕುಡಕೋಂತ ಕುಂತ್ಲು, ನೆತ್ತರ ಎಲ್ಲಿಂದ ಬರಬೇಕು?"

ಗಂಗಾ ತಲೆ ಎತ್ತಲಿಲ್ಲ. ಬಸು ಫೋನ್ ನೋಡುತ್ತಿದ್ದ.

ಮಗುವಿಗೆ ಆರು ತಿಂಗಳು ತುಂಬಿದಾಗ ಹಿಮೋಗ್ಲೋಬಿನ್ 4.2ಕ್ಕೆ ಇಳಿದು, ಗುಲ್ಮ (ಸ್ಪ್ಲೀನ್) ಕೈಗೆ ಸಿಗುವಷ್ಟು ಊದಿತ್ತು. ಒಂದು ಆಸ್ಪತ್ರೆಯಲ್ಲಿ ರಕ್ತ ಏರಿಸಿದರು, ಕೆಲವು ವಾರ ಬಿಟ್ಟು ಇನ್ನೊಮ್ಮೆ ಏರಿಸಿದರು. ಎರಡನೇ ಸಲ ಏರಿಸಿದ ನಾಲ್ಕನೇ ದಿನ ಯಾರಿಗೋ ನೆನಪಾಗಿ ಎಚ್‌ಪಿಎಲ್‌ಸಿ ಪರೀಕ್ಷೆಗೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಸ್ಯಾಂಪಲ್ ಕಳಿಸಿದ್ದರು. ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರೆ ಬೇರೆ ಮಾಡಿ ಯಾವುದು ಎಷ್ಟು ಎಂದು ತೋರಿಸುವ ಪರೀಕ್ಷೆ ಅದು. ಬಂದ ಉತ್ತರ, ನೂರಕ್ಕೆ: ಎ 69, ಎಫ್ 28, ಎ2 2.6. ಅಸಹಜ ಹಿಮೋಗ್ಲೋಬಿನ್ ಕಂಡಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, "ರಕ್ತ ಏರಿಸಿದ್ದರೆ ತಿಳಿಸಿ, ಎಫ್ ವಯಸ್ಸಿನಿಂದಲೂ ಇರಬಹುದು." ಆ ಸಣ್ಣಕ್ಷರವನ್ನು ಯಾರೂ ಓದಿರಲಿಲ್ಲ. ಕಳಿಸುವ ಫಾರ್ಮಿನಲ್ಲಿ ರಕ್ತ ಏರಿಸಿದ ದಿನಾಂಕದ ಜಾಗವೂ ಖಾಲಿ.

ನಾನು ವೈದ್ಯೆಯಲ್ಲ, ಆಪ್ತಸಲಹೆಗಾರ್ತಿ. ರೋಗ ಇಂಥದ್ದೇ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಆದರೆ ಡಿಸ್ಚಾರ್ಜ್ ಕಾಗದದ ತಾರೀಕನ್ನೂ ರಿಪೋರ್ಟಿನ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡಲು ವೈದ್ಯಳೇ ಆಗಬೇಕಿಲ್ಲ. ಆ ನೇರಳೆ ಮುಚ್ಚಳದ ಟ್ಯೂಬಿನಲ್ಲಿದ್ದ ರಕ್ತದ ಬಹುಪಾಲು ಮಗುವಿನದಲ್ಲ, ದಾನಿಗಳದು. ಅವರು ಆರೋಗ್ಯವಂತರು ಎಂದಷ್ಟೇ ಆ ಕಾಗದ ಹೇಳುತ್ತಿತ್ತು. ಅದೆಲ್ಲ ಬೆರೆತ ಮೇಲೂ ಎಫ್ 28 ಉಳಿದಿತ್ತಲ್ಲ, ಎಂಟು ತಿಂಗಳಿಗೆ ಅದು ಜಾಸ್ತಿಯೇ.

ಬಸುನ ಮೊದಲ ಪ್ರಶ್ನೆ ನ್ಯಾಯವಾಗಿತ್ತು: "ಹುಟ್ಟಿದಾಗ ಚೊಲೋ ಇತ್ತಲ್ರಿ, ಗುಂಡಗುಂಡಗ. ಹುಟ್ಟಿದಾಗಿಂದ ಇರೋ ರೋಗ ಆದ್ರ ಆವಾಗ ಯಾಕ ಕಾಣಲಿಲ್ಲ?"

ಇದಕ್ಕೆ ನಿಧಾನವಾಗಿ ಉತ್ತರ ಹೇಳಿದೆ. ಹೊಟ್ಟೆಯಲ್ಲಿರುವ ಕೂಸು ಎಫ್ ಎಂಬ ಬೇರೆ ಹಿಮೋಗ್ಲೋಬಿನ್ ಮಾಡಿಕೊಳ್ಳುತ್ತದೆ. ಹುಟ್ಟಿದ ದಿನ ನೂರಕ್ಕೆ ಅರವತ್ತರಿಂದ ಎಂಬತ್ತು ಪಾಲು ಅದೇ ಇರುತ್ತದೆ. ಅದಕ್ಕೆ ಬೀಟಾ ಎಂಬ ಪ್ರೋಟೀನ್ ಸರಪಳಿ ಬೇಕಿಲ್ಲ. ತಿಂಗಳುಗಳು ಕಳೆದಂತೆ ಎಫ್ ಹಿಂದೆ ಸರಿದು ದೊಡ್ಡವರ ಎ ಬರಬೇಕು, ಅದಕ್ಕೆ ಬೀಟಾ ಬೇಕೇ ಬೇಕು. ಬೀಟಾ ತಯಾರಿಸುವ ಎರಡೂ ಜೀನು ಕೆಟ್ಟಿದ್ದರೆ ತೊಂದರೆ ಬಯಲಾಗುವುದು ಆವಾಗಲೇ, ಅಂದರೆ ನಾಲ್ಕಾರು ತಿಂಗಳ ಮೇಲೆ. "ಅಡಿಪಾಯ ಒಬ್ಬ ಗೌಂಡಿ ಹಾಕ್ಯಾನ, ಗ್ವಾಡಿ ಕಟ್ಟೋ ಗೌಂಡಿ ಬರಲಿಲ್ಲ, ಹಂಗ ಏನ್ರಿ?" ಎಂದ ಬಸು. ಅವನು ಕಟ್ಟಡ ಕೆಲಸದವನು. ನನ್ನ ವಿವರಣೆಗಿಂತ ಅವನದೇ ಚೆನ್ನಾಗಿತ್ತು, ಆಮೇಲೆ ನಾನೂ ಬೇರೆಯವರಿಗೆ ಅದನ್ನೇ ಹೇಳುತ್ತಿದ್ದೇನೆ.

ಎಳೆಯ ಮಕ್ಕಳ ರಕ್ತ ಪರೀಕ್ಷೆಯಲ್ಲಿ ವಯಸ್ಸು ಮರೆತರೆ ಹೀಗೆಯೇ ಮೋಸ ಹೋಗುತ್ತೇವೆ. ಚಾಮರಾಜನಗರದ ಕಡೆ ಸೋಲಿಗರ, ಜೇನುಕುರುಬರ ಹಾಡಿಗಳಲ್ಲಿ ಎಸ್ ಎಂಬ ಅಸಹಜ ಹಿಮೋಗ್ಲೋಬಿನ್ನಿನಿಂದ ಬರುವ ಸಿಕಲ್ ಸೆಲ್ ರೋಗದ ತಪಾಸಣೆ ನಡೆಯುತ್ತದೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ಅದಕ್ಕೆ ವೇಗ ಕೊಟ್ಟಿದೆ. ಅಲ್ಲಿ ದೊಡ್ಡವರಿಗೆ ಮಾಡುವ ಅಗ್ಗದ ಸಾಲ್ಯುಬಿಲಿಟಿ ಪರೀಕ್ಷೆಯನ್ನು (ಎಸ್ ಇದ್ದರೆ ದ್ರಾವಣ ಮಸುಕಾಗುತ್ತದೆ) ಆರು ತಿಂಗಳೊಳಗಿನ ಕೂಸಿಗೆ ನಂಬುವಂತಿಲ್ಲ. ಕೂಸಿನಲ್ಲಿ ಎಸ್ ಕಡಿಮೆ, ಎಫ್ ಹೆಚ್ಚು, ದ್ರಾವಣ ತಿಳಿಯಾಗಿಯೇ ಉಳಿಯಬಹುದು. ಅದೇ ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತವನ್ನು ಎಚ್‌ಪಿಎಲ್‌ಸಿಗೆ ಕಳಿಸಿದರೆ ಎಸ್ ಸ್ವಲ್ಪವೇ ಇದ್ದರೂ ಬೇರೆಯಾಗಿ ಕಾಣುತ್ತದೆ. ಬೀಟಾ ಥಲಸ್ಸೀಮಿಯಾ ವಾಹಕತನಕ್ಕೆ, ಅಂದರೆ ಬೀಟಾದ ಒಂದೇ ಜೀನು ಕೆಟ್ಟಿರುವುದಕ್ಕೆ, ಈ ಅನುಕೂಲವಿಲ್ಲ. ವಾಹಕರಲ್ಲಿ ಏರಿ ಅದನ್ನು ತೋರಿಸಿಕೊಡಬೇಕಾದ ಎ2 ಎಂಬ ಹಿಮೋಗ್ಲೋಬಿನ್ ಹುಟ್ಟಿದಾಗ ನಾಮಮಾತ್ರಕ್ಕೆ ಇರುತ್ತದೆ.

ಹಾಗಾದರೆ ಈ ಮಗುವಿಗೆ ಏನು ಮಾಡುವುದು? ಕೊಟ್ಟ ರಕ್ತದ ಪ್ರಭಾವ ಹೋಗಲು ಸುಮಾರು ಮೂರು ತಿಂಗಳು ಕಾಯಬೇಕು. ಈ ಮಗು ಅಷ್ಟು ದಿನ ರಕ್ತವಿಲ್ಲದೆ ಇರಲಾರದು. ನಮ್ಮ ಮಕ್ಕಳ ರಕ್ತರೋಗ ತಜ್ಞರೊಂದಿಗೆ ಮಾತಾಡಿ, ತಂದೆತಾಯಿಯ ರಕ್ತ ನೋಡೋಣ ಎಂದು ತೀರ್ಮಾನಿಸಿದೆವು.

ಗಂಗಾ ತೋಳು ಚಾಚಿದಳು. ಬಸು ಎದ್ದು ನಿಂತ. "ನನಗೇನಾಗೇತ್ರಿ? ದಿನಾ ಸಿಮೆಂಟ್ ಚೀಲ ಹೊರತೇನಿ." ಅಜ್ಜಿಯೂ ಅವನ ಕಡೆಗೇ. ಅವತ್ತು ನಾನು ಒತ್ತಾಯ ಮಾಡಲಿಲ್ಲ. ಅವನನ್ನು ಹೊರಗಿನ ಬೆಂಚಿಗೆ ಕರೆದು ಒಂದೇ ಮಾತು ಹೇಳಿದೆ: ಒಬ್ಬರೇ ವಾಹಕರಾಗಿದ್ದರೆ ಮಗುವಿಗೆ ಈ ರೋಗ ಇಷ್ಟು ಜೋರಾಗಿ ಬರುವುದಿಲ್ಲ. ನೀವು ಪರೀಕ್ಷೆ ಮಾಡಿಸದಿದ್ದರೆ ತಪ್ಪೆಲ್ಲ ಗಂಗಾಳ ತಲೆಗೆ ಬೀಳುತ್ತದೆ, ಮಗುವಿನ ರೋಗಕ್ಕೆ ಹೆಸರೂ ಸಿಗುವುದಿಲ್ಲ. ಮೂರನೇ ದಿನ ಕೆಲಸದ ಬಟ್ಟೆಯಲ್ಲೇ ಬಂದು ರಕ್ತ ಕೊಟ್ಟು ಹೋದ.

ಗಂಗಾ: ಹಿಮೋಗ್ಲೋಬಿನ್ 10, ಕೆಂಪುಕಣಗಳ ಸಂಖ್ಯೆ 53 ಲಕ್ಷ, ಎಂಸಿವಿ (ಕಣದ ಸರಾಸರಿ ಗಾತ್ರ) 62, ಎ2 5.3. ಬಸು: ಹಿಮೋಗ್ಲೋಬಿನ್ 12.4, ಕಣಗಳು 62 ಲಕ್ಷ, ಎಂಸಿವಿ 64, ಎ2 5.6. ಇಬ್ಬರೂ ವಾಹಕರು. ಎ2 ಹೆಚ್ಚು, ಕಣ ಚಿಕ್ಕದು, ಸಂಖ್ಯೆ ದಂಡಿ. ಕಬ್ಬಿಣದ ಕೊರತೆಯಲ್ಲಿ ಸಾಮಾನ್ಯವಾಗಿ ಕಣಗಳ ಸಂಖ್ಯೆಯೂ ಇಳಿಯುತ್ತದೆ. ಎಂಸಿವಿಯನ್ನು ಕಣಸಂಖ್ಯೆಯಿಂದ, ಅಂದರೆ 62ನ್ನು 5.3ರಿಂದ (53 ಲಕ್ಷವೆಂದರೆ 5.3 ಮಿಲಿಯನ್) ಭಾಗಿಸಿ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಕಡೆ ಅನುಮಾನ ಪಡಬೇಕು. ಇದು ಮಾಮೂಲಿ ರಕ್ತಕಣ ಎಣಿಕೆಯ (ಸಿಬಿಸಿ) ಹಾಳೆಯಲ್ಲೇ ಇರುವ ಲೆಕ್ಕ. ಗಂಗಾ ಹೈಸ್ಕೂಲಿನಿಂದ ಕಬ್ಬಿಣದ ಗುಳಿಗೆ ನುಂಗುತ್ತಲೇ ಬಂದವಳು, ಬಸುರಿಯಲ್ಲಿ ಮೂರು ಸಲ ಸಿಬಿಸಿ ಆಗಿತ್ತು. ಮೂರು ಸಲವೂ ಹಿಮೋಗ್ಲೋಬಿನ್ನಿನ ಕೆಳಗಷ್ಟೇ ಗೆರೆ ಎಳೆದಿದ್ದರು. ಇದನ್ನು ಬರೆಯುವಾಗ ನನಗೆ ಇನ್ನೂ ಸಿಟ್ಟು ಬರುತ್ತದೆ.

ಆಮೇಲೆ ಡಿಎನ್‌ಎ ಪರೀಕ್ಷೆ. ತಂದೆತಾಯಿ ಇಬ್ಬರಲ್ಲೂ ಐವಿಎಸ್ 1-5 ಎಂಬ ಒಂದೇ ದೋಷ. ಮಗುವಿಗೆ ಎರಡೂ ಕಡೆಯಿಂದ ಅದೇ ಬಂದಿತ್ತು. ಬೀಟಾ ಥಲಸ್ಸೀಮಿಯಾ ಮೇಜರ್.

ರಿಪೋರ್ಟ್ ವಿವರಿಸುವ ದಿನ ಅಜ್ಜಿಯನ್ನು ಹೊರಗೆ ಕೂರಿಸಬೇಕೆಂದಿದ್ದೆ. ಗಂಗಾಳೇ "ಇರ್ಲಿ ಬಿಡ್ರಿ, ನಮ್ಮಜ್ಜಿನ" ಎಂದಳು. ಎಲ್ಲ ಕೇಳಿದ ಮೇಲೆ ಮುದುಕಿ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಇಂವ ನನ್ನ ಮಗ. ಈಕಿ ನನ್ನ ಮಗಳ ಮಗಳು. ಹಂಗಂದ್ರ ಇದು ನನ್ನ ಹೊಟ್ಟಿಯಿಂದನ ಬಂತೇನ್ರಿ?"

ಇಂಥ ಪ್ರಶ್ನೆಗೆ ಸಮಾಧಾನದ ಸುಳ್ಳು ಹೇಳಬಾರದು, ನಿಜವನ್ನು ಎತ್ತಿ ಒಗೆಯಲೂ ಬಾರದು. ನಿಮ್ಮಿಂದ ಬಂದಿರಬಹುದು, ತೀರಿಹೋದ ಯಜಮಾನರಿಂದ ಬಂದಿರಬಹುದು, ಗಂಗಾಳ ತಂದೆಯ ಕಡೆಯಿಂದಲೂ ಅವಳಿಗೆ ಬಂದಿರಬಹುದು ಎಂದೆ. ಭಾರತದಲ್ಲಿ ಅತಿ ಸಾಮಾನ್ಯವಾಗಿ ಕಾಣುವ ದೋಷವೇ ಇದು, ಒಂದೇ ಹೆಸರಿದೆ ಎಂಬ ಮಾತ್ರಕ್ಕೆ ಒಂದೇ ಮನೆಯದು ಎನ್ನಲಾಗದು. ಸಂಬಂಧದಲ್ಲಿ ಮದುವೆಯಾದಾಗ ಒಂದೇ ದೋಷ ಎರಡೂ ಕಡೆ ಇರುವ ಸಂಭವ ಹೆಚ್ಚುತ್ತದೆ, ಅದು ನಿಜ. ಆದರೆ ವಾಹಕರಿಗೆ ತಾವು ವಾಹಕರೆಂಬ ಸುಳಿವೇ ಇರುವುದಿಲ್ಲ. ಗೊತ್ತಿಲ್ಲದೆ ಕೊಟ್ಟಿದ್ದಕ್ಕೆ ತಪ್ಪು ಎನ್ನುವುದು ಹೇಗೆ? ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಕಡ್ಡಾಯವಿಲ್ಲ, ಬೇಕೆನಿಸಿದರೆ ಬನ್ನಿ ಎಂದೆ. ಅವರು ಬರಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಅಂದು ಹೊರಡುವಾಗ ಮಗುವನ್ನು ಗಂಗಾಳ ಕೈಯಿಂದ ತಾವು ಎತ್ತಿಕೊಂಡರು. ಚಹಾದ ಮಾತು ಬರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಕಬ್ಬಿಣದ ಡ್ರಾಪ್ಸ್ ಬಗ್ಗೆ: ತಜ್ಞರನ್ನು ಕೇಳದೆ ಒಂದು ಹನಿಯೂ ಬೇಡ. ಈ ಮಗುವಿಗೆ ಪ್ರತಿ ರಕ್ತದ ಚೀಲದೊಂದಿಗೆ ಕಬ್ಬಿಣ ಬಂದು ಒಳಗೇ ಕೂರುತ್ತದೆ, ಮುಂದೆ ಅದನ್ನು ಹೊರಹಾಕುವುದಕ್ಕೇ ಔಷಧ ಬೇಕಾಗುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಮುಖ ಬಿಳಿಚುವ ತನಕ ಕಾಯಬೇಡಿ. ಬಸು ತನ್ನ ರಕ್ತವನ್ನೇ ಕೊಡುತ್ತೇನೆಂದ. ಬೇಡ ಎಂದೆ: ನೀವು ವಾಹಕರು, ಜೊತೆಗೆ ಮುಂದೆ ಅಸ್ಥಿಮಜ್ಜೆ ಕಸಿಯ ಯೋಚನೆ ಬಂದರೆ ಮನೆಯವರ ರಕ್ತ ಮೊದಲೇ ಹೋಗಿರಬಾರದು. ಕಸಿಯ ಖರ್ಚಿಗೆ ಕೋಲ್ ಇಂಡಿಯಾ ನೆರವಿನ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ ಹತ್ತು ಲಕ್ಷದವರೆಗೆ ಸಿಗುವ ದಾರಿ ಇದೆ ಎಂದೂ, ಅದಕ್ಕೆ ಹೊಂದುವ ದಾನಿ ಮೊದಲು ಸಿಗಬೇಕೆಂದೂ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ ಸೇರಿದೆ, ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ಎಂದೆ.

ಮುಂದಿನ ಮಗುವಿನ ಮಾತು ಗಂಗಾಳೇ ತೆಗೆದಳು, ಬಸು ಹೊರಗೆ ಹೋದಾಗ. ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ರೋಗ, ಎರಡು ಪಾಲು ವಾಹಕ, ಒಂದು ಪಾಲು ಏನೂ ಇಲ್ಲ. "ಒಂದು ಆಗೇತಿ, ಇನ್ನ ಮೂರು ಚೊಲೋ ಅಂತ ತಿಳ್ಕೋಬೇಕೇನ್ರಿ?" ಅಲ್ಲ, ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದ ಹಾಗೆ. ದೋಷದ ಹೆಸರು ಕೈಯಲ್ಲಿರುವುದರಿಂದ ಬಸುರಿಯ 11ರಿಂದ 13ನೇ ವಾರದೊಳಗೆ ಮಾಸಿನ ಚೂರು ತೆಗೆದು ಪರೀಕ್ಷಿಸಬಹುದು. ನೋಂದಾಯಿತ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಕಾಯಿಲೆಗಳಿಗಾಗಿ ಈ ಪರೀಕ್ಷೆ ಮಾಡಲು ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯೇ ಅವಕಾಶ ಕೊಡುತ್ತದೆ. ಗಂಡೋ ಹೆಣ್ಣೋ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದು ನಿಮ್ಮಿಬ್ಬರ ನಿರ್ಧಾರ. ನೀವಿಬ್ಬರೂ ಯೋಚಿಸಿ ತಯಾರಾಗುವವರೆಗೆ ಬಸುರಿ ನಿಲ್ಲದಂತೆ ನೋಡಿಕೊಳ್ಳಿ, ನಿಂತರೆ ಮುಟ್ಟು ತಪ್ಪಿದ ವಾರವೇ ಬನ್ನಿ ಎಂದೆ.

ಗಂಗಾಳ ತಾಯಿ ತಾವಾಗಿ ಬಂದು ಪರೀಕ್ಷೆ ಮಾಡಿಸಿಕೊಂಡರು. ಅವರೂ ವಾಹಕರು. ಗಂಗಾಳ ತಂಗಿಗೆ ಹತ್ತೊಂಬತ್ತು, ಸಂಬಂಧದಲ್ಲೇ ಮದುವೆಯ ಮಾತು ನಡೆದಿತ್ತು. ವಾಹಕಳಾದರೆ ಮದುವೆ ನಿಲ್ಲಬೇಕಿಲ್ಲ, ಹುಡುಗನದನ್ನೂ ನೋಡಿದರೆ ಸಾಕು ಎಂದು ಹೇಳಿ ಕಳಿಸಿದ್ದೆ. ಅವಳೂ ಬಂದು ರಕ್ತ ಕೊಟ್ಟಳು.

ಮುಂದಿನ ವಾರ ಗಂಗಾ ಮಗುವಿಗೆ ರಕ್ತ ಹಾಕಿಸಲು ಬಂದವಳು ತಂಗಿಯ ರಿಪೋರ್ಟು ಕೇಳಿದಳು. ಜೊತೆಗೆ ಅಜ್ಜಿ ಇದ್ದರು, ಕೈಯಲ್ಲಿ ರಕ್ತ ಏರಿಸಿದ ತಾರೀಕುಗಳನ್ನು ಬರೆಸಿದ ನೋಟುಬುಕ್ಕು. ರಿಪೋರ್ಟು ನನ್ನ ಡ್ರಾಯರಿನಲ್ಲೇ ಇತ್ತು. ಅದು ಅವಳದು, ಅವಳೇ ಬರಲಿ ಎಂದೆ. ಗಂಗಾಳ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ "ಬರೋಬ್ಬರಿ ಐತಿ" ಎಂದರು. ಸೋಮವಾರ ಬೆಳಿಗ್ಗೆ ತಂಗಿ ಒಬ್ಬಳೇ ಬಸ್ಸು ಹತ್ತಿ ಬಂದಳು.