ಪಾದ್ರಿ ಇಲ್ಲದ ಮನೆಕೂಟ ಸಭೆಯೇನಾ?

ಸುಂಟಿಕೊಪ್ಪದವರೇ, ಪಾದ್ರಿ, ಗಂಟೆ, ಗೋಪುರ ಏನೂ ಇಲ್ಲದೆ ಹತ್ತು ಜನ ಮನೆಯಲ್ಲಿ ಸೇರಿದರೆ ಅದು ಸಭೆ, ಅಂದರೆ ಚರ್ಚ್, ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆ 16:5 ನೋಡಿ, ಪ್ರಿಸ್ಕ, ಅಕ್ವಿಲ ದಂಪತಿಯ ಮನೆಯಲ್ಲಿ ಕೂಡುತ್ತಿದ್ದ ಸಭೆಗೆ ಅಪೊಸ್ತಲ ಪೌಲ ವಂದನೆ ಹೇಳುತ್ತಾನೆ. ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು, ನಮಗೆ ಅದೇ ಬಹಳ ಹಳೆಯದು ಅಲ್ವಾ, ಆದರೆ ಸಿರಿಯಾದ ದುರಾ ಯುರೋಪಸ್‌ನಲ್ಲಿ ಮೂರನೇ ಶತಮಾನದಲ್ಲೇ ಒಂದು ಮಾಮೂಲಿ ಮನೆಯನ್ನು ಆರಾಧನೆಗೆ ಬದಲಾಯಿಸಿಕೊಂಡಿದ್ದರು.

ನಾನು ಹೋಗುವ ಕೂಟ ಒಂದು ತೋಟದ ಮನೆಯಲ್ಲಿ. ಒಬ್ಬರು ಮಾತಾಡಿ ಉಳಿದವರು ಸುಮ್ನೆ ಕೂರುವ ಪದ್ಧತಿ ಇಲ್ಲ, 1 ಕೊರಿಂಥ 14:26ರಲ್ಲಿ ಇರುವ ಹಾಗೆ ಒಬ್ಬರು ಹಾಡುತ್ತಾರೆ, ಇನ್ನೊಬ್ಬರು ಓದಿದ್ದನ್ನು ಹೇಳುತ್ತಾರೆ, ಕಾಫಿ ಕೊಯ್ಲಿಗೆ ಹೋಗುವ ಅಕ್ಕ ಕೇಳುವ ಪ್ರಶ್ನೆಗೆ ಎಷ್ಟೋ ಸಲ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚಿಕೊಳ್ಳುವುದೂ ಊಟದ ಜೊತೆಗೇ. ಮಳೆಗಾಲದಲ್ಲಿ ಒಲೆ ಪಕ್ಕ! ಕಟ್ಟಡದ ಖರ್ಚಿಲ್ಲ, ಹಾಗಾಗಿ ಕಾಣಿಕೆ ಜಾಸ್ತಿ ಕಷ್ಟದಲ್ಲಿ ಇರುವವರಿಗೇ ಹೋಗುತ್ತದೆ. ಜನ ಹೆಚ್ಚಾದರೆ ಇನ್ನೊಂದು ಮನೆ ಹುಡುಕುತ್ತೇವೆ.

ಒಂದೇ ಎಚ್ಚರಿಕೆ. ಮನೆ ಯಜಮಾನರೇ ಸಭೆಗೂ ಯಜಮಾನರಾಗಿಬಿಡುವುದು ಸುಲಭ, ಹಿಂದೆ ಒಂದು ಕೂಟವನ್ನು ನಾನು ಬಿಟ್ಟಿದ್ದೇ ಅದಕ್ಕೆ. ಸೇರುವ ಮೊದಲು ಹಣದ ಲೆಕ್ಕ ಎಲ್ಲರಿಗೂ ತೋರಿಸುತ್ತಾರಾ ಅಂತ ಕೇಳಿ.